ಗುಲಾಮನ ಹೆಗಲಿಗೊಂದು ಬೈರಾಸು

"ಇದರಲ್ಲಿ ಗುಲಾಮ ಯಾವುದು ಮಾರಾಯ್ತಿ?"

ಮಾವ ಎಂಟು ಇಸ್ಪೀಟ್ ಎಲೆಗಳನ್ನು ಬೀಸಣಿಗೆಯ ಹಾಗೆ ಹರಡಿ ಹಿಡಿದಿದ್ದರು. ಕನ್ನಡಕ ಹಣೆಗೇರಿಸಿದರು. ಮತ್ತೆ ಇಳಿಸಿದರು. ಎಲೆಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಜೊತೆಗೆ ಕೂತಿದ್ದ ಮೂವರೂ ಅದನ್ನೇ ಮಾಡುತ್ತಿದ್ದರು. ನಾನು ಎರಡೂವರೆ ತಿಂಗಳು ಕೂತು ಬಿಡಿಸಿದ ಹನ್ನೆರಡು ಚಿತ್ರಗಳು ಆ ನಾಲ್ಕು ಜನರ ಕೈಯಲ್ಲಿದ್ದವು. ಒಂದು ಆಟವೂ ಪೂರ್ತಿಯಾಗಲಿಲ್ಲ. ಮೂರನೇ ಕೈಯಲ್ಲಿ ಒಬ್ಬರು ಗುಲಾಮ ಅಂದುಕೊಂಡು ರಾಜನನ್ನು ಇಳಿಸಿದರು. ಆಮೇಲೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂದರು. ಇಳಿಸಿದ್ದು ಇಳಿಸಿದ್ದೇ ಅಂತ ಜಗಳ ಶುರುವಾಯಿತು. ಕೊನೆಗೆ ಮಾವ ನನ್ನ ಎಲೆಗಳನ್ನೆಲ್ಲ ಒಟ್ಟು ಮಾಡಿ, ಅಂಚು ತಟ್ಟಿ ಸರಿಮಾಡಿ, ಬಹಳ ಮರ್ಯಾದೆಯಿಂದ ಪಕ್ಕಕ್ಕಿಟ್ಟು ಹಳೇ ಪ್ಯಾಕು ತೆಗೆದರು.

"ಚಂದ ಉಂಟು. ಫ್ರೇಮು ಹಾಕಿಸಿ ಗೋಡೆಗೆ ಹಾಕುವ" ಅಂದರು.

ಇವರು ನನಗೆ ಸ್ವಂತ ಮಾವ ಅಲ್ಲ. ಅಪ್ಪ ಇವರ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ನಾನು ಡೊಂಬಿವಲಿಯಿಂದ ಮುಂಬಯಿಯ ಮಾಟುಂಗಕ್ಕೆ ಕಾಲೇಜಿಗೆ ಹೋಗುವಾಗ ಬೆಳಗಿನ ತಿಂಡಿ ದಿನಾ ಅಲ್ಲೇ. ದುಡ್ಡು ಕೊಡಲು ಹೋದರೆ ಗಲ್ಲಾದಿಂದಲೇ ಕೈಬೀಸಿ ಕಳಿಸುತ್ತಿದ್ದರು. ಈಗ ಹೋಟೆಲು ಮಕ್ಕಳ ಕೈಯಲ್ಲಿದೆ. ಮಾವ ಭಾನುವಾರ ಮಾತ್ರ ಬರುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಅಟ್ಟದ ಮೇಲಿನ ಕೋಣೆಯಲ್ಲಿ ಇಸ್ಪೀಟು. ಹಿಂದೆ ಕೆಲಸದ ಹುಡುಗರು ಸಾಲಾಗಿ ಮಲಗುತ್ತಿದ್ದ ಕೋಣೆ ಅದು. ಗೋಡೆಯಲ್ಲಿ ಅವರು ಅಂಗಿ ನೇತುಹಾಕುತ್ತಿದ್ದ ಮೊಳೆಗಳು ಇನ್ನೂ ಇವೆ.

ಕಳೆದ ಜೂನಿನಲ್ಲಿ ಅವರ ದೊಡ್ಡ ಮಗ ಫೋನ್ ಮಾಡಿದರು. ಅಪ್ಪನಿಗೆ 75 ಆಗುತ್ತದೆ, ಕಾರ್ಯಕ್ರಮಕ್ಕೆ ಬಂದವರಿಗೆಲ್ಲ ಕೊಡಲು ನಮ್ಮದೇ ಒಂದು ಇಸ್ಪೀಟ್ ಪ್ಯಾಕು ಮಾಡಿಸಬೇಕು, ನೂರು ಪ್ಯಾಕು, ನೀನೇ ಬಿಡಿಸಬೇಕು. "ಸ್ವಲ್ಪ ಊರಿನ ಕಳೆ ಇರಲಿ" ಅಂದರು. ನನ್ನ ಹೊಟ್ಟೆಪಾಡು ಮಸಾಲೆ ಡಬ್ಬಿ, ಊದುಬತ್ತಿ ಪೊಟ್ಟಣಗಳಿಗೆ ಚಿತ್ರ ಬಿಡಿಸುವುದು. ಇಸ್ಪೀಟು ಅಂದ ಕೂಡಲೇ ಖುಷಿಯಾಯಿತು. ಊರಿನ ಕಳೆ ಅಂದ ಕೂಡಲೇ ಯಕ್ಷಗಾನ ಅಂತ ತೀರ್ಮಾನವೂ ಆಗಿಹೋಯಿತು. ಕರಾವಳಿಯವರಿಗೆ ಚಿತ್ರ ಬಿಡಿಸುವಾಗ ಕೈ ಮೊದಲು ಓಡುವುದೇ ಆ ಕಡೆಗೆ. ಅದು ಸೋಮಾರಿತನ ಅಂತ ಈಗ ಅನ್ನಿಸುತ್ತದೆ.

ಆದರೆ ಆಗ ಎಷ್ಟು ಸರಿಯಾಗಿ ಕೂತಿತ್ತು ಅಂದರೆ! ಕಿರೀಟ ವೇಷ ರಾಜ. ಸ್ತ್ರೀವೇಷ ರಾಣಿ. ಎಳೆ ವೀರರ ಪುಂಡುವೇಷ ಗುಲಾಮ. ಜೋಕರ್‌ಗೆ ಹಾಸ್ಯಗಾರ. ಕಿರೀಟ, ಭುಜಕೀರ್ತಿ, ಎದೆಪದಕ, ಕೇದಗೆ ಮುಂದಲೆ ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿದೆ. ಐಪ್ಯಾಡಿನಲ್ಲಿ ದೊಡ್ಡದು ಮಾಡಿ ನೋಡಿದರೆ ನನಗೇ ನನ್ನ ಮೇಲೆ ಅಭಿಮಾನ ಬರುತ್ತಿತ್ತು. ತಪ್ಪಾಗಿದ್ದು ಅಲ್ಲೇ. ಇಸ್ಪೀಟ್ ಎಲೆಯನ್ನು ಯಾರೂ ದೊಡ್ಡದು ಮಾಡಿ ನೋಡುವುದಿಲ್ಲ. ಪೋಕರ್ ಅಳತೆಯ ಎಲೆ 63 ಮಿಲಿಮೀಟರ್ ಅಗಲ, 88 ಉದ್ದ. ಅದರಲ್ಲೂ ರಾಜನಿಗೆ ಎರಡು ತಲೆ, ಮೇಲೊಂದು ಕೆಳಗೊಂದು. ಅಂದರೆ ಒಂದು ತಲೆ, ಅರ್ಧ ಮೈಗೆ ಸಿಗುವುದು ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಜಾಸ್ತಿ ಜಾಗ. ಅಷ್ಟರಲ್ಲಿ ಚಿನ್ನದ ಗೆರೆಗಳೆಲ್ಲ ಸೇರಿ ಕಂದು ಬಣ್ಣದ ಗೊಜ್ಜಾಗಿದ್ದವು. ರಾಜನ ತಲೆಯ ಮೇಲೂ ಗೋಪುರ, ಗುಲಾಮನ ತಲೆಯ ಮೇಲೂ ಗೋಪುರ. ಯಾರು ಯಾರೋ.

ಇನ್ನೊಂದು ಆಕ್ಷೇಪವೂ ಬಂತು. ಮಾವನ ಗುಂಪಿನ ಒಬ್ಬರು, "ರಾಮನ ವೇಷ ಇಟ್ಟುಕೊಂಡು ಇಸ್ಪೀಟಾ? ಪಾಪ ಬರ್ತದೆ" ಅಂದರು. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿತ್ತು. ಗಂಜೀಫಾ ಅಂತ ಕೈಯಲ್ಲಿ ಬರೆದ ಎಲೆಗಳ ಹಳೇ ಆಟವೊಂದಿದೆ, ಅದರ ದಶಾವತಾರ ಪ್ಯಾಕಿನಲ್ಲಿ ರಾಮನೂ ಇದ್ದಾನೆ, ಕೃಷ್ಣನೂ ಇದ್ದಾನೆ, ಅದನ್ನು ಆಡಿದವರು ಅರಮನೆಯವರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಎಲೆಯಾಟದ ಹುಚ್ಚು ಎಷ್ಟಿತ್ತು ಅಂದರೆ ಹೊಸ ಹೊಸ ಆಟಗಳನ್ನೇ ಕಟ್ಟಿಸಿದ್ದರು. ಹೇಳಿದೆ. ಅವರು ಒಪ್ಪಲಿಲ್ಲ. "ಅರಮನೆಯವರಿಗೆ ಪಾಪ ತಟ್ಟುದಿಲ್ಲ" ಅಂದರು.

ಆ ಭಾನುವಾರ ನಾನು ಚೀಲ ಎತ್ತಿಕೊಂಡು ಹೊರಡಲಿಲ್ಲ, ಅದೊಂದು ಒಳ್ಳೆಯದಾಯಿತು. ಮುಖ ಸಣ್ಣಗೆ ಮಾಡಿಕೊಂಡು ಮೂಲೆಯಲ್ಲಿ ಕೂತು ಅವರ ಆಟ ನೋಡಿದೆ. ಎರಡು ಗಂಟೆ. ಮಾವನ ಕೈಯ ಫೋಟೋ ತೆಗೆದೆ. ಮನೆಗೆ ಬಂದು ಅಳೆದೆ. ಎಂಟು ಎಲೆ ಹರಡಿ ಹಿಡಿದಾಗ ಒಂದೊಂದು ಎಲೆಯಲ್ಲಿ ಕಾಣುವುದು ಎಡಗಡೆಯ ಒಂದೂವರೆ ಸೆಂಟಿಮೀಟರ್ ಪಟ್ಟಿ, ಅದೂ ಮೇಲ್ಭಾಗ. ಕೊನೆಯ ಎಲೆ ಒಂದೇ ಪೂರ್ತಿ ಕಾಣುವುದು. ನನ್ನ ಪುಂಡುವೇಷದ ಕಣ್ಣು, ಮೀಸೆ, ಬಳ್ಳಿಯ ಹಾಗೆ ಬಳುಕಿದ ಬೆರಳು ಎಲ್ಲವೂ ಪಕ್ಕದ ಎಲೆಯ ಹಿಂದೆ ಮುಚ್ಚಿಹೋಗಿದ್ದವು. ಪಟ್ಟಿಯಲ್ಲಿ ಕಂಡದ್ದು ಭುಜಕೀರ್ತಿಯ ತುದಿ ಮಾತ್ರ. ಅದು ಹನ್ನೆರಡರಲ್ಲಿ ಎಂಟು ಎಲೆಗೆ ಒಂದೇ ಥರ.

ಅವತ್ತು ಇನ್ನೊಂದೂ ಗೊತ್ತಾಯಿತು. ಅವರು ಆಡುವುದು ಇಪ್ಪತ್ತೆಂಟು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಏಳರಿಂದ ಎಕ್ಕದವರೆಗಿನ 32 ಎಲೆ, ನಾಲ್ಕು ಜನ, ತಲೆಗೆ ಎಂಟು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಒಟ್ಟು 28. ರಾಜನಿಗೆ? ಸೊನ್ನೆ. ರಾಣಿಗೂ ಸೊನ್ನೆ. ಈ ಆಟದಲ್ಲಿ ರಾಜ ಹತ್ತಕ್ಕಿಂತ ಕೆಳಗೆ, ಗುಲಾಮ ಎಲ್ಲರಿಗಿಂತ ಮೇಲೆ. ನಾನು ರಾಜರಿಗೆ ತಿಂಗಳುಗಟ್ಟಲೆ ಕಿರೀಟ ಕಟ್ಟಿದ್ದೆ. ಗುಲಾಮರನ್ನು ಕೊನೆಯ ವಾರದಲ್ಲಿ ಬೇಗ ಬೇಗ ಮುಗಿಸಿದ್ದೆ. ಇವರು ಎಲೆ ಎತ್ತಿದ ಕೂಡಲೇ ಹುಡುಕುವುದೇ ಅವನನ್ನು.

ಹಾಗಾದರೆ ಹಳೇ ಪ್ಯಾಕಿನಲ್ಲಿ ಎಲ್ಲ ಹೇಗೆ ಥಟ್ಟನೆ ಗೊತ್ತಾಗುತ್ತದೆ? ಹಾದಿಬೀದಿಯ ಅಂಗಡಿಯ ಮಾಮೂಲಿ ಪ್ಯಾಕು ಒಂದು ತಂದು, ನೆಲದ ಮೇಲೆ ಹನ್ನೆರಡನ್ನೂ ಹರಡಿ ಕೂತೆ. ಚಿಕ್ಕಂದಿನಿಂದ ನೋಡಿದ ಎಲೆಗಳು, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಇಸ್ಪೀಟ್ (ಸ್ಪೇಡ್) ಗುಲಾಮನಿಗೂ ಆಟಿನ್ (ಹಾರ್ಟ್) ಗುಲಾಮನಿಗೂ ಒಂದೇ ಕಣ್ಣು, ಪಕ್ಕಕ್ಕೆ ತಿರುಗಿದ ಮುಖ. ರಾಜರಲ್ಲಿ ಡೈಮಂಡ್ ರಾಜ ಒಬ್ಬನೇ ಹಾಗೆ, ಅವನ ಹತ್ತಿರ ಕೊಡಲಿ. ರಾಣಿಯರು ನಾಲ್ವರ ಕೈಯಲ್ಲೂ ಹೂವು. ಆಟಿನ್ ರಾಜನಿಗೆ ಮೀಸೆ ಇಲ್ಲ, ಕತ್ತಿಯನ್ನು ತನ್ನ ತಲೆಗೇ ಚುಚ್ಚಿಕೊಂಡ ಹಾಗೆ ಹಿಡಿದಿದ್ದಾನೆ. ಇದರ ಕಥೆ ಚೆನ್ನಾಗಿದೆ. ಈ ಚಿತ್ರಗಳು ಫ್ರಾನ್ಸಿನ ರುವಾನ್ ಎಂಬ ಊರಿನಿಂದ ಇಂಗ್ಲೆಂಡಿಗೆ ಹೋದವು. ಅಲ್ಲಿ ಮರದ ಅಚ್ಚು ಕೆತ್ತುವವರು ಒಬ್ಬರದ್ದನ್ನು ನೋಡಿ ಒಬ್ಬರು ನಕಲು ಮಾಡಿದರು. ಈ ರಾಜನ ಕೈಯಲ್ಲಿ ಮೊದಲಿದ್ದದ್ದು ಕೊಡಲಿ. ನಕಲು ಮಾಡುತ್ತಾ ಮಾಡುತ್ತಾ ಕೊಡಲಿಯ ತಲೆ ಅಂಚಿನಾಚೆ ಹೋಗಿ, ಉಳಿದ ಹಿಡಿ ಕತ್ತಿಯಾಯಿತು. ತಪ್ಪು ಮಾಡಿದವರು ಯಾರೋ. ಈಗ ತಿದ್ದಿದರೆ ಜನ ಒಪ್ಪುವುದಿಲ್ಲ.

ಮೂಲೆಯ ಅಕ್ಷರ, ಅಂಕಿಗಳು ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಎರಡು ತಲೆಯ ರಾಜನೂ ಆ ಕಾಲದವನೇ. ಮುಂಚೆ ರಾಜ ಕಾಲು ಸಮೇತ ನಿಂತಿರುತ್ತಿದ್ದ. ತಲೆಕೆಳಗಾಗಿ ಬಂದರೆ ಆಟಗಾರ ಎಲೆ ತಿರುಗಿಸಿಕೊಳ್ಳುತ್ತಿದ್ದ. ತಿರುಗಿಸಿದ ಕೂಡಲೇ ಎದುರಿನವರಿಗೆ ಗೊತ್ತಾಗುತ್ತಿತ್ತು, ಇವನ ಹತ್ತಿರ ದೊಡ್ಡ ಎಲೆ ಇದೆ ಅಂತ. ಎರಡನೇ ತಲೆ ಬಂದದ್ದು ಚಂದಕ್ಕಲ್ಲ, ಗುಟ್ಟು ಕಾಯಲಿಕ್ಕೆ.

ಚೌತಿಗೆ ಊರಿಗೆ ಹೋಗಿದ್ದೆ. ಬರುವಾಗ ಕೊಂಕಣ ರೈಲಿನಲ್ಲಿ ಸಾವಂತವಾಡಿಯಲ್ಲಿ ಇಳಿದುಕೊಂಡೆ. ಅಲ್ಲಿನ ಅರಮನೆಯಲ್ಲಿ ಇವತ್ತಿಗೂ ಗಂಜೀಫಾ ಎಲೆಗಳನ್ನು ಕೈಯಲ್ಲೇ ಬರೆಯುತ್ತಾರೆ. ದುಂಡು ಎಲೆ, ಒಂದು ಅಂಗೈಯಲ್ಲಿ ಕೂರುವಷ್ಟು. ದಶಾವತಾರದ ಪ್ಯಾಕು ಅಂದರೆ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದ ಹತ್ತು ಎಣಿಕೆಯ ಎಲೆ. ರಾಣಿಯೇ ಇಲ್ಲ! ಕುಂಚ ಹಿಡಿದು ಕೂತಿದ್ದವರ ಹಿಂದೆ ನಿಂತು ಬಹಳ ಹೊತ್ತು ನೋಡಿದೆ. ರಾಜ ಕೂತಿರುತ್ತಾನೆ. ಮಂತ್ರಿ ಕುದುರೆ ಮೇಲಿರುತ್ತಾನೆ. ಅಷ್ಟೇ. ಮುಖ ನೋಡಬೇಕಾಗಿಲ್ಲ, ಬಣ್ಣ ಮಾಸಿದರೂ ಚಿಂತೆಯಿಲ್ಲ. ಕೂತವನು ಯಾರು, ಹೊರಟವನು ಯಾರು ಅಂತ ದೂರದಿಂದಲೇ ಗೊತ್ತಾಗುತ್ತದೆ.

ರೈಲಿನಲ್ಲಿ ವಾಪಸ್ ಬರುವಾಗ ಅದೇ ಯೋಚನೆ. ಕೂತವನು, ಹೊರಟವನು. ಹೋಟೆಲಿನಲ್ಲಿ ಕೂತಿರುವವರು ಯಾರು? ಗಲ್ಲಾದಲ್ಲಿ ಧಣಿ. ಒಂದು ನಿಮಿಷ ಕೂರದವನು ಯಾರು? ಮಾಣಿ.

ಪನ್ವೇಲ್ ಬರುವಷ್ಟರಲ್ಲಿ ಯಕ್ಷಗಾನ ಬಿಟ್ಟುಹಾಕಿದ್ದೆ.

ನಮ್ಮ ಕಡೆ ಮಾಣಿ ಅಂದರೆ ಹುಡುಗ. ಹೋಟೆಲಿನಲ್ಲಿ ಮಾಣಿ ಅಂದರೆ ತಿಂಡಿ ತಂದುಕೊಡುವವನು. ಇಂಗ್ಲಿಷಿನಲ್ಲಿ ಗುಲಾಮನಿಗೆ ಹಿಂದೆ ನೇವ್ ಅನ್ನುತ್ತಿದ್ದರಂತೆ, ಆ ಪದಕ್ಕೂ ಮೊದಲಿದ್ದ ಅರ್ಥ ಹುಡುಗ ಅಂತಲೇ. ಫ್ರೆಂಚರು ವ್ಯಾಲೆ ಅನ್ನುತ್ತಾರೆ, ಅಂದರೆ ಕೆಲಸದವನು. ನಮ್ಮ ಮಾಣಿಯಲ್ಲಿ ಎರಡೂ ಇವೆ. ಹುಡುಗನೂ ಹೌದು, ಕೆಲಸದವನೂ ಹೌದು. ಮಾವನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಮಾವ ಮಾಟುಂಗಕ್ಕೆ ಬಂದದ್ದು ಹದಿಮೂರನೇ ವಯಸ್ಸಿಗೆ. ಮೊದಲು ಲೋಟ ತೊಳೆಯುವ ಕೆಲಸ, ಆಮೇಲೆ ಟೇಬಲು ಒರೆಸುವುದು, ಆಮೇಲೆ ಮಾಣಿ. "ಗುಲಾಮ ಅಂತ ಬರಿಬೇಡ ಹಾಗಾದರೆ. ಮಾಣಿ ಅಂತಲೇ ಬರಿ" ಅಂದರು. ಆಮೇಲೆ, "ಹೆಗಲಿಗೆ ಬೈರಾಸು ಹಾಕು. ಬೈರಾಸು ಇಲ್ಲದಿದ್ದರೆ ಮಾಣಿ ಅಲ್ಲ" ಅಂತ ಸೇರಿಸಿದರು.

ಆ ಬೈರಾಸು, ಅಂದರೆ ಹೆಗಲ ಮೇಲಿನ ಟವೆಲು, ನನ್ನ ಕೆಲಸದ ಅತಿ ಕಷ್ಟದ ಗಂಟನ್ನು ಬಿಡಿಸಿತು.

ಗಂಟು ಏನು ಅಂದರೆ ಸೊಂಟ. ಎರಡು ತಲೆಯ ಚಿತ್ರದಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ನಡುವಲ್ಲಿ ಸೇರಬೇಕಲ್ಲ, ಆ ಜಾಗ. ಹೊಸಬರು ಮಾಡುವ ತಪ್ಪನ್ನು ನಾನೂ ಮಾಡಿದ್ದೆ. ಕೆಳಗಿನ ಅರ್ಧವನ್ನು ಕನ್ನಡಿಯ ಬಿಂಬದ ಹಾಗೆ ಮಗುಚಿ ಇಟ್ಟಿದ್ದೆ, ಕೆರೆಯಲ್ಲಿ ಕಾಣುವ ನೆರಳಿನಂತೆ. ಹಾಗೆ ಮಾಡಿದರೆ ಎಲೆ ತಿರುಗಿಸಿದಾಗ ರಾಜ ಎಡಚನಾಗುತ್ತಾನೆ. ಮಗುಚಬಾರದು, ಗಡಿಯಾರದ ಮುಳ್ಳಿನ ಹಾಗೆ ಅರ್ಧ ಸುತ್ತು ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಮೇಲಿನ ಚಿತ್ರದ ಎಡ ಪಕ್ಕೆ ಕೆಳಗಿನ ಚಿತ್ರದ ಬಲ ಪಕ್ಕೆಗೆ ಬಂದು ಕೂರುತ್ತದೆ. ಒಂದು ಕಡೆ ಕೈ ಚಾಚಿದ್ದರೆ, ಒಂದು ಕಡೆ ಸೆರಗು ಉಬ್ಬಿದ್ದರೆ, ಎರಡೂ ಅರ್ಧ ಸೇರುವುದೇ ಇಲ್ಲ. ಮೊದಲ ಹನ್ನೆರಡರಲ್ಲಿ ನಾನು ಆ ಜಾಗದಲ್ಲಿ ಅಡ್ಡ ಪಟ್ಟಿ ಎಳೆದು ಮುಚ್ಚಿದ್ದೆ. ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ.

ಬೈರಾಸು ಎಡ ಹೆಗಲಿಂದ ಬಲ ಸೊಂಟಕ್ಕೆ ಓರೆಯಾಗಿ ಇಳಿಯುತ್ತದೆ ಅಂದುಕೊಳ್ಳಿ. ಅದನ್ನು ನೇರ ಎಲೆಯ ನಟ್ಟನಡುವಿನ ಚುಕ್ಕೆಯ ಮೇಲೆ ಹಾಯಿಸಿದರೆ, ಅರ್ಧ ಸುತ್ತು ತಿರುಗಿಸಿದರೂ ಅದೇ ಗೆರೆ, ಅದೇ ಓರೆ. ಮೇಲಿನ ಮಾಣಿಯ ಬೈರಾಸೇ ಕೆಳಗಿನ ಮಾಣಿಯ ಬೈರಾಸು. ಒಂದೇ ಬಟ್ಟೆ, ಇಬ್ಬರ ಹೆಗಲು. ಅಂಚಿನ ಕೆಂಪು ಗೆರೆ ಎರಡು, ಬಿಳಿ ಬಟ್ಟೆ, ಒಂದು ಕಡೆ ಸಾಂಬಾರಿನ ಹಳದಿ ಕಲೆ. ಕಲೆ ಒಂದೇ ಕಡೆ ಹಾಕಲಿಕ್ಕಾಗುವುದಿಲ್ಲ, ಎರಡೂ ತುದಿಗೆ ಹಾಕಬೇಕು. ಹಾಕಿದೆ. ಅವತ್ತು ರಾತ್ರಿ ಒಂದೂವರೆ ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಯಾರನ್ನಾದರೂ ಎಬ್ಬಿಸಿ ತೋರಿಸಬೇಕು ಅನ್ನಿಸಿತು.

ಆಮೇಲೆ ಉಳಿದದ್ದು ತಾನಾಗೇ ಬಂತು. ರಾಜನಿಗೆ ನಡುವಲ್ಲಿ ನೇರ ಅಡ್ಡಗೆರೆ, ಗಲ್ಲಾದ ಮೇಜಿನ ಅಂಚು. ರಾಣಿಗೆ ಹಾವಿನ ಹಾಗೆ ಡೊಂಕು ಗೆರೆ, ಸೀರೆಯ ಸೆರಗು. ಡೊಂಕು ಗೆರೆಯೂ ಅರ್ಧ ಸುತ್ತಿಗೆ ಬದಲಾಗುವುದಿಲ್ಲ. ಮಾಣಿಗೆ ಓರೆ. ಅಡ್ಡ, ಡೊಂಕು, ಓರೆ. ಎಲೆಯನ್ನು ಮಾರು ದೂರ ಇಟ್ಟು, ಕಣ್ಣು ಅರ್ಧ ಮುಚ್ಚಿ ನೋಡಿದರೂ ಯಾವುದು ಯಾರು ಅಂತ ಗೊತ್ತಾಗುತ್ತಿತ್ತು.

ರಾಜರು ನಾಲ್ವರನ್ನು ಗುರುತಿಸುವುದು ಸುಲಭವಾಯಿತು. ಇಸ್ಪೀಟಿಗೆ ಗಲ್ಲಾದ ಧಣಿ, ಕೈಯಲ್ಲಿ ಕತ್ತಿಯ ಬದಲು ಬಿಲ್ಲಿನ ಚೀಟಿ ಚುಚ್ಚಿಡುವ ಕಂಬಿ. ಕಳಾವರ್‌ಗೆ ಕಾಫಿ ಭಟ್ಟರು. ಡೈಮಂಡಿಗೆ ದೋಸೆ ಭಟ್ಟರು, ಕೊಡಲಿಯ ಬದಲು ಸಟ್ಟುಗ, ಮುಖ ಕಾವಲಿಯ ಕಡೆ ತಿರುಗಿದ್ದರಿಂದ ಒಂದೇ ಕಣ್ಣು. ಆಟಿನ್‌ಗೆ ದೊಡ್ಡ ಅಡುಗೆ ಭಟ್ಟರು. ಅವರ ಸೌಟು ತಲೆಯ ಹಿಂದೆ ಹೋಗಿದೆ, ಬೆನ್ನು ತುರಿಸಿಕೊಳ್ಳುತ್ತಿದ್ದಾರೆ. ಮೀಸೆ ಇಲ್ಲ. ಹಳೇ ರಾಜರನ್ನು ಬಲ್ಲವರಿಗೆ ನಗು ಬರಲಿ ಅಂತ. ಈ ಕಳಾವರ್, ಆಟಿನ್ ಅನ್ನುವ ಹೆಸರುಗಳು ನನಗೆ ಮುಂಚಿನಿಂದಲೂ ಕುತೂಹಲ. ಮರಾಠಿ ಗೆಳತಿಯರು ಕಿಲ್ವರ್, ಬದಾಮ್, ಚೌಕಟ್, ಇಸ್ಪಿಕ್ ಅನ್ನುತ್ತಾರೆ. ಡಚ್ ಭಾಷೆಯಲ್ಲಿ ಹಾರ್ಟ್ಸ್‌ಗೆ ಹಾರ್ಟೆನ್, ಕ್ಲಬ್ಸ್‌ಗೆ ಕ್ಲಾವೆರೆನ್. ನಮ್ಮವು ಹಡಗಿನಿಂದ ಇಳಿದ ಪದಗಳೇ ಇರಬೇಕು ಅಂತ ನನ್ನ ಅಂದಾಜು.

ರಾಣಿಯರು ಕಾಡಿದರು. ಆ ಕಾಲದ ಮಾಟುಂಗದ ಹೋಟೆಲಿನ ಒಳಗೆ ಹೆಂಗಸರೇ ಇಲ್ಲ. ಅಡುಗೆಗೆ ಗಂಡಸರು, ಬಡಿಸಲು ಗಂಡಸರು, ಮಲಗುವುದು ಅಟ್ಟದಲ್ಲಿ. ಹೆಂಡತಿ, ತಾಯಿ ಎಲ್ಲ ಊರಲ್ಲಿ, ಮನಿಯಾರ್ಡರ್ ಕಾಯುತ್ತಾ. ಗಂಜೀಫಾದ ಹಾಗೆ ರಾಣಿಯನ್ನೇ ಬಿಡೋಣ ಅಂದರೆ ರಮ್ಮಿ ಆಡುವವರು ಏನು ಮಾಡಬೇಕು? ಮಾವನ ಮನೆಗೆ ಹೋಗಿ ಅತ್ತೆಯ ಹತ್ತಿರ ಕೇಳಿದೆ. ಅತ್ತೆ ಮುಂಬಯಿಗೆ ಬಂದದ್ದೇ ಮದುವೆಯಾಗಿ ಏಳು ವರ್ಷದ ಮೇಲೆ. ಅವರು ಬೀನ್ಸ್ ಮುರಿಯುತ್ತಾ ನಾಲ್ಕು ಜನರನ್ನು ನಾಲ್ಕು ನಿಮಿಷದಲ್ಲಿ ಹೇಳಿಬಿಟ್ಟರು. ಒಂದು ಅತ್ತೆಯ ಅತ್ತೆ, ಪೋಸ್ಟ್‌ಮ್ಯಾನ್ ದಾರಿ ನೋಡುತ್ತಾ ಜಗಲಿಯಲ್ಲಿ ಕೂತವರು. ಒಂದು ಹೋಟೆಲಿನ ಅಕ್ಕಿಯ ಕಲ್ಲು ಆರಿಸಲು ಮನೆಗೆ ಬರುತ್ತಿದ್ದ ಮರಾಠಿ ಬಾಯಿ. ಒಂದು ಸ್ಟೇಷನ್ ಹೊರಗೆ ಹೂ ಮಾರುತ್ತಿದ್ದ ತಮಿಳು ಹೆಂಗಸು, ಎಷ್ಟೋ ಹುಡುಗರು ದುಡ್ಡು ಕೂಡಿಡಲು ಕೊಡುತ್ತಿದ್ದದ್ದು ಅವಳ ಹತ್ತಿರವಂತೆ. "ನಾಲ್ಕನೆಯದು?" ಅಂದೆ. ಅತ್ತೆ ತಲೆ ಎತ್ತಿ ನೋಡಿದರು. ಅಷ್ಟೇ.

ಹೂವು ಇರಲೇಬೇಕಲ್ಲ. ಜಗಲಿಯ ಅಜ್ಜಿಗೆ ಅಬ್ಬಲಿಗೆ, ಮರಾಠಿ ಬಾಯಿಗೆ ಸೇವಂತಿಗೆ, ಹೂ ಮಾರುವವಳಿಗೆ ಸಂಪಿಗೆ. ಅತ್ತೆಗೆ ಮಲ್ಲಿಗೆ ಬಿಟ್ಟು ಬೇರೆ ಆಗುವುದಿಲ್ಲ, ಅದೂ ಶಂಕರಪುರ ಮಲ್ಲಿಗೆಯೇ. ಬಿಳಿ ಎಲೆಯ ಮೇಲೆ ಬಿಳಿ ಹೂವು! ಗೆರೆ ಹಾಕಿದರೆ ಮಂಡಕ್ಕಿಯ ಹಾಗೆ ಕಾಣುತ್ತಿತ್ತು. ಕೊನೆಗೆ ಹೂವನ್ನು ಕೈಯಿಂದ ತೆಗೆದು ಮುಡಿಗೆ ಹಾಕಿದೆ. ಕಪ್ಪು ಕೂದಲಿನ ಮೇಲೆ ಬಣ್ಣ ಹಾಕದೆ ಬಿಟ್ಟ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಆ ಹೂವಿಗೆ ಶಾಯಿಯೇ ಖರ್ಚಾಗಿಲ್ಲ.

ಮೂಲೆಯ ಅಕ್ಷರದ ವಿಷಯಕ್ಕೆ ಬಂದರೆ ಮಾವನ ಮನೆಯಲ್ಲಿ ರಾಮಾಯಣ. ಕೆ, ಕ್ಯೂ, ಜೆ ಬೇಡ, ಕನ್ನಡ ಇರಲಿ ಅಂತ ಎಲ್ಲರಿಗೂ ಇತ್ತು. ಬರೆಯಲು ಕೂತಾಗ ಗೊತ್ತಾಯಿತು, ರಾಜನೂ ರಾ, ರಾಣಿಯೂ ರಾ. ಅರ್ಧ ಗಂಟೆ ಚರ್ಚೆಯಾಗಿ ರಾಜನಿಗೆ ರಾ, ರಾಣಿಗೆ ಣಿ, ಮಾಣಿಗೆ ಮಾ ಅಂತ ತೀರ್ಮಾನವಾಯಿತು. ಅಷ್ಟರಲ್ಲಿ ಸಣ್ಣ ಮಗ, "ಮಾಣಿಯಲ್ಲೂ ಣಿ ಉಂಟಲ್ಲ" ಅಂದ. ಎಲ್ಲರೂ ಅವನನ್ನು ಸುಮ್ಮನಿರಿಸಿದರು. ಅತ್ತೆ ಮಾತ್ರ, "ಅವರಿಗೆ ತಲೆ, ನನಗೆ ಬಾಲವಾ?" ಅಂತ ಈಗಲೂ ಕೇಳುತ್ತಾರೆ. ಇನ್ನೊಂದು ತೊಂದರೆ, ನಮ್ಮ ಅಕ್ಷರಗಳು ಅಗಲ. ದೀರ್ಘ ಎಳೆದರೆ ಇನ್ನೂ ಅಗಲ. ಸಿಗುವ ಜಾಗ ಏಳೆಂಟು ಮಿಲಿಮೀಟರ್. ಕಂಪ್ಯೂಟರಿನ ಅಕ್ಷರವನ್ನು ಅಕ್ಕಪಕ್ಕದಿಂದ ಒತ್ತಿದರೆ ಬಾಗಿಲಿಗೆ ಸಿಕ್ಕಿದ ಬೆರಳಿನ ಹಾಗಾಗುತ್ತದೆ. ಮೂರನ್ನೂ ಕೈಯಲ್ಲೇ ಬರೆದೆ, ದೀರ್ಘವನ್ನು ಪಕ್ಕಕ್ಕೆ ಚಾಚದೆ ಮೇಲಕ್ಕೆ ಸುತ್ತಿ. ಅಂಕಿಗಳನ್ನು ಕನ್ನಡದಲ್ಲಿ ಹಾಕುವ ಆಸೆ ಇತ್ತು. ೬ ಮತ್ತು ೯ ಪಕ್ಕಪಕ್ಕ ಇಟ್ಟು ಮಾವನ ಗುಂಪಿಗೆ ತೋರಿಸಿದೆ. ಪ್ಯಾಕಿನಿಂದ 32 ಎಲೆ ಆರಿಸುವಾಗ ಆರು, ಒಂಬತ್ತು ಅದಲುಬದಲಾದೀತು, ಒಂಬತ್ತಕ್ಕೆ ಎರಡು ಅಂಕ ಇರುವ ಆಟದಲ್ಲಿ ಆ ಸಾಹಸ ಬೇಡ ಅಂದರು. ಮಾಮೂಲಿ ಅಂಕಿಯೇ ಉಳಿಯಿತು.

ಅಕ್ಷರದ ಕೆಳಗಿನ ಪಟ್ಟಿಯಲ್ಲಿ ಏನು ಕಾಣಬೇಕು ಅಂತ ಆಗಲೇ ಗೊತ್ತಿತ್ತು. ಮಾಣಿಯರ ಒಂದು ಕೈಯನ್ನು ಅಲ್ಲಿಗೆ ತಂದೆ. ಒಬ್ಬನ ಕೈಯಲ್ಲಿ ಒಂದರ ಮೇಲೊಂದು ಕೂತ ಲೋಟಗಳು. ಒಬ್ಬನಲ್ಲಿ ಮಡಿಚಿ ನಿಲ್ಲಿಸಿದ ದೋಸೆಯ ತಟ್ಟೆ. ಒಬ್ಬನಲ್ಲಿ ಬಾಳೆಲೆಯ ಪಾರ್ಸೆಲ್. ಆಟಿನ್ ಮಾಣಿ ಪಕ್ಕಕ್ಕೆ ತಿರುಗಿದ್ದಾನೆ, ಅವನ ಕೈಯಲ್ಲಿ ಪುಸ್ತಕ. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹೋಟೆಲ್ ಹುಡುಗರು ಎಷ್ಟು ಜನ! ಮಾವನೂ ಅಲ್ಲೇ ಎಸ್ಸೆಸ್ಸಿ ಮಾಡಿದ್ದು. ಅವರ ಹಳೇ ಫೋಟೋ ಒಂದೇ ಒಂದು ಸಿಕ್ಕಿತ್ತು, ಅದೂ ಪಕ್ಕದಿಂದ ತೆಗೆದದ್ದು, ಯಾರದ್ದೋ ಮದುವೆಯ ಗುಂಪಿನಲ್ಲಿ. ಒಂದು ಕಣ್ಣಿನ ಗುಲಾಮನಿಗೆ ಅದೇ ಸರಿಹೋಯಿತು.

ಅಚ್ಚಿನ ಕೆಲಸ ಲೋವರ್ ಪರೇಲಿನ ಒಂದು ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ. ಇದನ್ನು ಜಾಸ್ತಿ ಬರೆಯುವುದಿಲ್ಲ. ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ನಡುವೆ ಕಪ್ಪು ಪದರ ಇರುವಂಥದ್ದು. ಆ ಪದರ ಇಲ್ಲದಿದ್ದರೆ ಬೆಳಕಿಗೆ ಹಿಡಿದಾಗ ಎಲೆ ಪಾರದರ್ಶಕವಾಗಿ ಆಟವೇ ಕೆಡುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿಯೇ ತೆಗೆದುಕೊಂಡೆ. ಗೆರೆಗಳಿಗೆ ಬರೀ ಕಪ್ಪು ಶಾಯಿ. ನಾಲ್ಕು ಬಣ್ಣ ಬೆರೆಸಿದ ಕಪ್ಪು ಹಾಕಿದರೆ ಒಂದು ಕೂದಲೆಳೆ ಸರಿದರೂ ಗೆರೆಗೆ ನೆರಳು ಬರುತ್ತದೆ. ಒಂದು ದೊಡ್ಡ ಹಾಳೆಯಲ್ಲಿ ಅಡ್ಡ ಒಂಬತ್ತು, ಉದ್ದ ಆರು, ಒಟ್ಟು 54 ಎಲೆ. 52 ಮತ್ತು ಇಬ್ಬರು ಜೋಕರ್. ಹಾಳೆಯಲ್ಲಿ ಎಲೆಗಳನ್ನು ಜೋಡಿಸಿದ್ದು ನಾನೇ. ಮಾಣಿಯರು ನಾಲ್ವರನ್ನೂ ಕೊನೆಗೆ ಮುಗಿಸಿದ್ದರಿಂದ ಅವರನ್ನೂ ಜೋಕರುಗಳನ್ನೂ ಬಲತುದಿಯ ಸಾಲಿಗೆ ಹಾಕಿದ್ದೆ. ಈ ಸಂಗತಿ ನೆನಪಿಟ್ಟುಕೊಳ್ಳಿ.

ಬೆನ್ನಿಗೆ ಹೋಟೆಲಿನ ನೆಲದ ಹಳೇ ಟೈಲ್ಸಿನ ವಿನ್ಯಾಸ, ಸುತ್ತ ಬಿಳಿ ಅಂಚು. ಬಿಳಿ ಅಂಚು ಬೇಡ ಅಂತ ಅಚ್ಚಿನವರು ಹೇಳಿದ್ದರು. ಕತ್ತರಿಸುವಾಗ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಬಿಳಿ ಅಂಚು ತೋರಿಸಿಕೊಡುತ್ತದಂತೆ. ಹಳೇ ಎಲೆಗೆ ಇದ್ದ ಹಾಗೇ ಇರಬೇಕು ಅಂತ ಮಾವ ಹಟ ಹಿಡಿದಿದ್ದರು. ಇಟ್ಟೆ.

ಕಾರ್ಯಕ್ರಮ ಜನವರಿಯಲ್ಲಿ ಆಯಿತು. ಊಟ ಮುಗಿಸಿ ಹೊರಟವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಪ್ಯಾಕು. ಜನ ಅಲ್ಲೇ ನಿಂತು ಬಿಚ್ಚಿ, ಇದು ಯಾರು ಅದು ಯಾರು ಅಂತ ಹುಡುಕುತ್ತಿದ್ದರು. ತಾನೇ ದೋಸೆ ಭಟ್ಟ ಅಂತ ಇಬ್ಬರು ಹೇಳಿಕೊಂಡರು. ನಾನು ಬಿಡಿಸಿದ್ದು ಇಬ್ಬರನ್ನೂ ಅಲ್ಲ, ನಮ್ಮ ಡೊಂಬಿವಲಿ ಮನೆಯ ಎದುರಿನ ಗಾಡಿಯವನನ್ನು ನೋಡಿ. ಹೇಳಲಿಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಅಟ್ಟಕ್ಕೆ ಹೋದೆ. ಆಡುತ್ತಿದ್ದದ್ದು ನನ್ನ ಎಲೆಗಳಲ್ಲೇ. ಯಾರೂ ಕನ್ನಡಕ ಏರಿಸುತ್ತಿರಲಿಲ್ಲ, ಯಾವುದು ಯಾರು ಅಂತ ಕೇಳುತ್ತಿರಲಿಲ್ಲ. ಬಾಯಲ್ಲಿ ಮಾತ್ರ ಎಲ್ಲರಿಗೂ ಅದೇ ಗುಲಾಮ. ಮಾಣಿ ಅಂತ ಒಬ್ಬರೂ ಅನ್ನಲಿಲ್ಲ, ಮಾವನೂ ಸೇರಿ. ಆರು ವಾರದಿಂದ ಮಾವನ ಜೋಡಿಯೇ ಗೆಲ್ಲುತ್ತಿದೆ, ಚಹಾದ ದುಡ್ಡು ಕೊಟ್ಟು ಸಾಕಾಯಿತು ಅಂತ ಉಳಿದವರು ಗೊಣಗಿದರು. ಆಟ ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಮಾವ ನನ್ನನ್ನು ಕೂರಿಸಿಕೊಂಡರು. ಪ್ಯಾಕನ್ನು ಕಲಸಿ, ಎಲೆಗಳನ್ನು ಮಗುಚಿ ಚಾಪೆಯ ಮೇಲೆ ಹರಡಿದರು. ಬೆನ್ನು ಮೇಲೆ, ಮುಖ ಕೆಳಗೆ. ಅದರೊಳಗಿಂದ ಆರು ಎಲೆ ಆರಿಸಿ ಸಾಲಾಗಿ ಇಟ್ಟರು.

"ತೆಗೆದು ನೋಡು."

ತೆಗೆದೆ. ನಾಲ್ಕು ಮಾಣಿ, ಎರಡು ಜೋಕರ್.

ನನಗೆ ಬೆವರು ಬಂತು. ಬಲತುದಿಯ ಸಾಲು. ಕತ್ತರಿಸುವಾಗ ಆ ಒಂದು ಸಾಲು ಸರಿದಿದೆ. ಬಿಳಿ ಅಂಚು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅರ್ಧ ಮಿಲಿಮೀಟರ್ ಇರಬಹುದು. ಎಲ್ಲ ಹಾಳೆಯನ್ನೂ ಒಟ್ಟಿಗೆ ಪೇರಿಸಿ ಕತ್ತರಿಸಿದ್ದರಿಂದ ನೂರು ಪ್ಯಾಕಿನಲ್ಲೂ ಹಾಗೇ ಆಗಿರಬೇಕು. ಮೂರು ಅಂಕದ ನಾಲ್ಕೂ ಎಲೆ ಬೆನ್ನಿನಿಂದಲೇ ಗೊತ್ತಾಗುತ್ತದೆ. ಅಚ್ಚಿನವರ ಹತ್ತಿರ ಮಾತಾಡುತ್ತೇನೆ, ಬೇರೆ ಮಾಡಿಸಿಕೊಡುತ್ತೇನೆ ಅಂತ ತೊದಲಿದೆ.

ಮಾವ ಆರೂ ಎಲೆಯನ್ನು ಪ್ಯಾಕಿಗೆ ಸೇರಿಸಿ ಅಂಚು ತಟ್ಟಿದರು.

"ಎಂತಕ್ಕೆ? ಗಿರಾಕಿಗೆ ದಾರಿ ಬಿಟ್ಟು ಒಂದು ಕಡೆ ಸರಿದು ನಿಲ್ಲಬೇಕು ಅಂತ ಮಾಣಿಗೆ ಮೊದಲ ದಿನವೇ ಕಲಿಸ್ತಾರೆ. ನಿಂತಿದ್ದಾನೆ, ಅಷ್ಟೇ" ಅಂದರು. ಆಮೇಲೆ ಮೆಟ್ಟಿಲಿನ ಕಡೆ ಒಮ್ಮೆ ನೋಡಿ, "ಅವರಿಗೆ ಹೇಳಬೇಡ. ಅಲ್ಲಿ ಒಬ್ಬನ ಮೇಲೆ ನನಗೆ 1988ರ ಲೆಕ್ಕ ಬಾಕಿ ಉಂಟು" ಅಂದರು.